ಮನೆಶಾಲೆಗೆ ಊರೇ ಪಠ್ಯಪುಸ್ತಕ

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಹಳೆಯ ಕಲ್ಲುಕಟ್ಟಡವೊಂದಿದೆ. ಊರವರು ದಿನಾ ನೋಡುತ್ತಿದ್ದ ಆ ಕಟ್ಟಡ ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಎಂಬುದು ನಾಡಿಗೆಲ್ಲ ಗೊತ್ತಾದದ್ದು 2015ರಲ್ಲಿ, ಅಲ್ಲಿನ ಬರಹವನ್ನು ಗಮನವಿಟ್ಟು ಓದಿದ ಮೇಲೆ. ಮಕ್ಕಳನ್ನು ಮನೆಯಲ್ಲೇ ಓದಿಸಬೇಕೆಂದು ಹೊರಟ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗಲಿಕ್ಕಿಲ್ಲ. ಕಲಿಯಬೇಕಾದದ್ದು ಕಣ್ಣೆದುರೇ ಇರುತ್ತದೆ, ಅದನ್ನು ಓದುವ ಅಭ್ಯಾಸ ಮಾಡಿಸಬೇಕು.

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆ ಮನೆಶಾಲೆಯ ಯೋಚನೆ ಮಾಡುವವರು ಎರಡು ಬಗೆ. ಬೆಂಗಳೂರಿನ ಗದ್ದಲ ಬಿಟ್ಟು ತೋಟ ಮಾಡಲು ಬಂದವರು ಒಂದು ಕಡೆ. ಖಾಸಗಿ ಶಾಲೆಯ ಶುಲ್ಕ, ವ್ಯಾನಿನ ಓಡಾಟ, ಹೋಮ್‌ವರ್ಕಿನ ಹೊರೆ ನೋಡಿ ಬೇಸತ್ತ ಸ್ಥಳೀಯರು ಇನ್ನೊಂದು ಕಡೆ. ಶಾಲೆಯನ್ನೇ ಮನೆಯೊಳಕ್ಕೆ ತಂದಿಡಲು ಹೋಗಿ ಇಬ್ಬರೂ ಸುಸ್ತಾಗುತ್ತಾರೆ. ಒಂಬತ್ತಕ್ಕೆ ಗಂಟೆ, ಗೋಡೆಗೆ ಬಿಳಿ ಹಲಗೆ, ನಲವತ್ತು ನಿಮಿಷಕ್ಕೊಂದು ಪೀರಿಯಡ್, ಅಮ್ಮನೇ ಮಿಸ್ಸು. ಎರಡು ತಿಂಗಳಲ್ಲಿ ಮಗುವಿಗೂ ಬೇಜಾರು, ಅಮ್ಮನಿಗೂ ತಲೆನೋವು. ಆನ್‌ಲೈನ್ ತರಗತಿಗೆ ದುಡ್ಡು ಕಟ್ಟಿದರೆ ಹೊಸತನ ಬಂದುಬಿಡುವುದಿಲ್ಲ. ಒಂದು ವಿಧಾನ ಹಿಡಿದು, ಮಗು ಏನು ಕಲಿಯಿತು ಎಂದು ನೋಡಿ, ಆಗದಿದ್ದರೆ ಸಂಕೋಚವಿಲ್ಲದೆ ಬದಲಿಸುವ ಮನಸ್ಸು ಬೇಕು. ಆ ಸ್ವಾತಂತ್ರ್ಯ ಶಾಲೆಗಿಲ್ಲ, ಮನೆಗಿದೆ.

ಕಾನೂನು ಏನು ಹೇಳುತ್ತದೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣ ಎಂಬುದು ಅದರ ತಿರುಳು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಪೋಷಕರಿಗೆ ದಂಡ, ಶಿಕ್ಷೆ ಎಂದು ಅದರಲ್ಲಿಲ್ಲ. ಮನೆಶಾಲೆಯ ಮಾತನ್ನೇ ಕಾಯ್ದೆ ಎತ್ತುವುದಿಲ್ಲ. ಹೀಗಾಗಿ ನಮ್ಮಲ್ಲಿ ಇದು ಸ್ಪಷ್ಟ ಅನುಮತಿಯೂ ಸ್ಪಷ್ಟ ನಿಷೇಧವೂ ಇಲ್ಲದ ಜಾಗ. ಜರ್ಮನಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಓದಿಸುವಂತಿಲ್ಲ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಅದಕ್ಕೆ ಅವಕಾಶವಿದೆ. ನಾವು ನಡುವೆ ಇದ್ದೇವೆ.

ಅದೇ ಕಾಯ್ದೆಯ 4ನೇ ಸೆಕ್ಷನ್ ನೆನಪಿನಲ್ಲಿಡಬೇಕು. ಆರು ವರ್ಷ ದಾಟಿಯೂ ಶಾಲೆಗೆ ಸೇರದ, ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಬೇಕಾದರೆ ವಿಶೇಷ ತರಬೇತಿಯನ್ನೂ ಕೊಡಬೇಕು. ಅಂದರೆ ಮನೆಶಾಲೆ ಕೈಹಿಡಿಯದಿದ್ದರೆ ವಾಪಸ್ ಹೋಗಲು ಬಾಗಿಲು ತೆರೆದಿದೆ.

ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರೋ ಪಂಚಾಯಿತಿಯವರೋ ಮನೆ ಬಾಗಿಲಿಗೆ ಬಂದರೆ ಜಗಳಕ್ಕೆ ನಿಲ್ಲಬೇಡಿ. ಅವರು ಹುಡುಕುತ್ತಿರುವುದು ಕೂಲಿಗೆ ಹೋಗುವ, ಬಾಲ್ಯವಿವಾಹಕ್ಕೆ ಸಿಕ್ಕಿಬೀಳಬಹುದಾದ ಮಕ್ಕಳನ್ನು. ಕೂರಿಸಿ, ಮಗುವಿನ ನೋಟ್‌ಬುಕ್ಕುಗಳನ್ನು ಮುಂದಿಡಿ. ನಿಮ್ಮ ಪರವಾಗಿ ಮಾತಾಡುವುದು ಅವೇ.

ನಮ್ಮವರು ಮಾಡಿದ ಪ್ರಯೋಗಗಳು

ಮನೆಯಲ್ಲೇ ಓದಿಸುವುದು ಹೊರದೇಶದಿಂದ ಬಂದ ಶೋಕಿ ಎನ್ನುವವರಿಗೆ ಶಿವರಾಮ ಕಾರಂತರ ಹೆಸರು ಹೇಳಬಹುದು. 1930ರ ದಶಕದಲ್ಲಿ ಅವರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಕನ್ನಡದಲ್ಲಿ ಮಕ್ಕಳಿಗೆ ಜ್ಞಾನದ ಪುಸ್ತಕಗಳಿಲ್ಲ ಎಂದು ಕಂಡಾಗ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ತಾವೇ ಬರೆದರು. ತಮ್ಮ ಮಕ್ಕಳಿಗೂ ಮೊದಲ ವರ್ಷಗಳ ಪಾಠವನ್ನು ಮನೆಯಲ್ಲೇ ಆಗಿಸಿದರು. ಆ ಮಕ್ಕಳಲ್ಲಿ ಉಲ್ಲಾಸ ಕಾರಂತ ಹುಲಿ ವಿಜ್ಞಾನಿಯಾದರು, ಮಾಳವಿಕಾ ಕಪೂರ್ ಮಕ್ಕಳ ಮನೋವಿಜ್ಞಾನದಲ್ಲಿ ಹೆಸರು ಮಾಡಿದರು. ಎಲ್ಲರ ಮನೆಯಲ್ಲೂ ಕಾರಂತರಿರುವುದಿಲ್ಲ, ನಿಜ. ಆದರೆ ಬೇಕಾದ ಪುಸ್ತಕ ಇಲ್ಲವೆಂದು ಕೈಕಟ್ಟಿ ಕೂರದೆ ತಾವೇ ಮಾಡಿಕೊಳ್ಳುವ ಅವರ ಛಲ ಯಾವ ಮನೆಗೂ ಬರಬಹುದು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಮಾಗಡಿ ತಾಲ್ಲೂಕಿನ ವರದೇನಹಳ್ಳಿಯ ಸೆಂಟರ್ ಫಾರ್ ಲರ್ನಿಂಗ್ ಇದೆ. 1990ರಲ್ಲಿ ಶುರುವಾದ ಈ ಶಾಲೆಯನ್ನು ಶಿಕ್ಷಕರೇ ಸೇರಿ ನಡೆಸುತ್ತಾರೆ. ಬೀಗವಿಲ್ಲದ, ಮಕ್ಕಳೇ ಪುಸ್ತಕ ತೆಗೆದು ಬರೆದಿಟ್ಟು ಒಯ್ಯುವ ಅಲ್ಲಿನ ತೆರೆದ ಗ್ರಂಥಾಲಯ ಹೆಸರುವಾಸಿ. ಕನಕಪುರ ರಸ್ತೆಯಲ್ಲಿ 1978ರಿಂದ ನಡೆಯುತ್ತಿರುವ ಕೃಷ್ಣಮೂರ್ತಿ ಪ್ರತಿಷ್ಠಾನದ ವ್ಯಾಲಿ ಸ್ಕೂಲ್ ಕೂಡ ಅಂಕಕ್ಕಿಂತ ಗಮನಿಸುವ ಗುಣಕ್ಕೆ ಬೆಲೆ ಕೊಡುವ ಶಾಲೆ. ಇವು ಮನೆಶಾಲೆಗಳಲ್ಲ, ಆದರೆ ಇವುಗಳಿಂದ ಮನೆಗೆ ತರಬಹುದಾದದ್ದು ಬಹಳ. ಮನೆಯ ಪುಸ್ತಕಗಳನ್ನು ಗಾಜಿನ ಬೀರುವಿನಿಂದ ಇಳಿಸಿ ಮಗುವಿನ ಕೈಗೆಟುಕುವ ಹಲಗೆಗೆ ತರುವುದರಿಂದಲೇ ಶುರು ಮಾಡಬಹುದು.

ಸರ್ಕಾರವೂ ಒಮ್ಮೆ ಇಂಥ ಪ್ರಯೋಗಕ್ಕೆ ಇಳಿದಿತ್ತು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮರದ ನೆರಳಿಗೆ ಬಂದು ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅದು ಕೆಲವೇ ತಿಂಗಳಲ್ಲಿ ನಿಂತಿತು. ಆದರೆ ಪಾಠಕ್ಕೆ ನಾಲ್ಕು ಗೋಡೆ ಬೇಕೇ ಬೇಕೆಂದಿಲ್ಲ ಎಂಬುದನ್ನು ಹಳ್ಳಿಯ ಜನ ಕಣ್ಣಾರೆ ಕಂಡರು.

ಒಂದು ರೇಷ್ಮೆ ಬೆಳೆ, ಒಂದು ತಿಂಗಳ ಪಾಠ

ರಾಮನಗರದ ಕಡೆ ಮನೆಶಾಲೆ ಮಾಡುವವರಿಗೆ ಎಲ್ಲ ಕಡೆಯೂ ಸಿಗದ ಅನುಕೂಲವೊಂದಿದೆ: ರೇಷ್ಮೆ. ಹಿಪ್ಪುನೇರಳೆ ತೋಟವಿರುವ ನೆರೆಯವರಿಂದ ಇಪ್ಪತ್ತೈದು ಚಾಕಿ ಹುಳು, ಅಂದರೆ ಎಳೆಯ ರೇಷ್ಮೆಹುಳು, ಕೇಳಿ ತನ್ನಿ. ಅಗಲವಾದ ತಟ್ಟೆಯೋ ಮೊರವೋ ಸಾಕು. ಮೊಟ್ಟೆ ಒಡೆದಾಗಿನಿಂದ ಗೂಡು ಕಟ್ಟುವವರೆಗೆ ಸುಮಾರು 25ರಿಂದ 28 ದಿನ. ಈ ಅವಧಿಯಲ್ಲಿ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ.

‘ಯಾಕವ್ವ ಇವು ತಲೆ ಎತ್ಕಂಡು ಕೂತವೆ?’

‘ಜ್ವರಕ್ಕೆ ಕೂತವೆ ಕಣ್ ಮಗ. ಈಗ ಸೊಪ್ಪು ಹಾಕಬ್ಯಾಡ.’

ರೇಷ್ಮೆ ಸಾಕುವ ಮನೆಗಳಲ್ಲಿ ಪೊರೆ ಬಿಡುವ ಹೊತ್ತಿಗೆ ಜ್ವರ ಎನ್ನುತ್ತಾರೆ. ಪುಸ್ತಕದಲ್ಲಿ ‘ಕೀಟಗಳ ರೂಪಾಂತರ’ ಎಂದು ಅರ್ಧ ಪುಟದಲ್ಲಿ ಮುಗಿಯುವ ಸಂಗತಿ ಇಲ್ಲಿ ಮಗುವಿನ ಕಣ್ಣೆದುರು ನಡೆಯುತ್ತದೆ. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ಎರಡು ದಿನಕ್ಕೊಮ್ಮೆ ಹತ್ತು ಹುಳು ಒಟ್ಟಿಗೆ ತೂಗಿ, ಹತ್ತರಿಂದ ಭಾಗಿಸಿ ಬರೆಯಲಿ. ಸರಾಸರಿ ಎಂದರೇನು ಎಂದು ಬೇರೆಯಾಗಿ ಹೇಳಿಕೊಡಬೇಕಿಲ್ಲ. ಹಾಕಿದ ಸೊಪ್ಪನ್ನೂ ತೂಗಲಿ. ಹುಳು ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನಾಲ್ಕನೇ ಜ್ವರ ಎದ್ದ ಮೇಲೆಯೇ ಬೇಕು. ಈ ಲೆಕ್ಕವನ್ನು ನೀವು ಮೊದಲೇ ಹೇಳಬೇಡಿ. ಗ್ರಾಫ್ ಹಾಳೆಯ ಮೇಲೆ ಗೆರೆ ಇದ್ದಕ್ಕಿದ್ದಂತೆ ಮೇಲೇಳುವುದನ್ನು ಮಗುವೇ ಕಾಣಲಿ.

ಹುಳು ಹಣ್ಣಾದಾಗ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಗಟ್ಟಿಯಾದ ಮೇಲೆ ಒಂದನ್ನು ಬಿಸಿನೀರಿಗೆ ಹಾಕಿ. ಬಿಸಿನೀರಿನ ಕೆಲಸ ದೊಡ್ಡವರದು. ಪೊರಕೆ ಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಎಳೆಯ ತುದಿ ಸಿಗುತ್ತದೆ. ಸುತ್ತಳತೆ ಸರಿಯಾಗಿ ಅರ್ಧ ಮೀಟರ್ ಇರುವ ರಟ್ಟಿಗೆ ಅದನ್ನು ಸುತ್ತುತ್ತಾ ಎಣಿಸಲಿ. ನೂರು ಸುತ್ತಿಗೆ 50 ಮೀಟರ್. ಒಳ್ಳೆಯ ಬೈವೋಲ್ಟೈನ್ ತಳಿಯ ಗೂಡಿನಲ್ಲಿ ಒಂದು ಕಿಲೋಮೀಟರಿನ ಆಸುಪಾಸು ಎಳೆ ಇರುತ್ತದೆ, ಆದ್ದರಿಂದ ಇದು ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ. ಇನ್ನೆರಡು ಗೂಡುಗಳನ್ನು ಮುಟ್ಟದೆ ಇಡಿ. ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ಆಗ ಮಗು ಕೇಳಿಯೇ ಕೇಳುತ್ತದೆ, ‘ಬಿಸಿನೀರಿಗೆ ಹಾಕಿದ್ದು ಏನಾಯಿತು?’ ಎಂದು. ಸುಳ್ಳು ಹೇಳಬೇಡಿ. ಆ ಪ್ರಶ್ನೆಯಿಂದ ಹುಟ್ಟುವ ಮಾತು ಯಾವ ನೀತಿಪಾಠಕ್ಕೂ ಕಡಿಮೆಯಲ್ಲ.

ಕೊನೆಯ ಪಾಠ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಗೆ ಬೆಳಗ್ಗೆಯೇ ಕರೆದೊಯ್ಯಿರಿ. ಬಿಳಿಯ ಬೈವೋಲ್ಟೈನ್ ಗೂಡಿಗೂ ಹಳದಿ ಛಾಯೆಯ ಮಿಶ್ರತಳಿ ಗೂಡಿಗೂ ಬೆಲೆಯಲ್ಲಿ ಎಷ್ಟು ಅಂತರ, ಇ-ಹರಾಜಿನಲ್ಲಿ ಲಾಟಿಗೆ ರೇಟು ಹೇಗೆ ಏರುತ್ತದೆ, ನೂಲು ಬಿಚ್ಚುವ ರೀಲರ್ ಯಾಕೆ ಗೂಡನ್ನು ಕಿವಿಯ ಹತ್ತಿರ ಅಲುಗಿಸುತ್ತಾನೆ ಎಂದು ನೋಡಲಿ. ವಾರವಿಡೀ ಪತ್ರಿಕೆಯಲ್ಲಿ ಬರುವ ಧಾರಣೆ ಬರೆದಿಟ್ಟರೆ ಶೇಕಡಾವಾರು, ಲಾಭ–ನಷ್ಟ, ಬೇಡಿಕೆ–ಪೂರೈಕೆ ಎಲ್ಲವೂ ಒಂದೇ ಹಾಳೆಯಲ್ಲಿ ಸಿಗುತ್ತವೆ.

ಎಚ್ಚರಿಕೆಯ ಮಾತೊಂದಿದೆ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಮಕ್ಕಳ ದುಡಿಮೆ ನಡೆಯುತ್ತಿದೆಯೆಂದು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಪ್ರಕಟಿಸಿತ್ತು. ಇಪ್ಪತ್ತೈದು ಹುಳು ಸಾಕುವುದು ಪಾಠ, ಇನ್ನೂರು ಮೊಟ್ಟೆಯ ದೊಡ್ಡ ಬೆಳೆಗೆ ಮಗುವನ್ನು ಸೊಪ್ಪು ಕತ್ತರಿಸಲು ಹಚ್ಚುವುದು ದುಡಿಮೆ.

ಇನ್ನೂ ಮೂರು ಪಾಠಗಳು

*ಮಳೆ.* ನೇರ ಗೋಡೆಯ ಡಬ್ಬಿಯನ್ನು ಬಯಲಲ್ಲಿಟ್ಟು ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಸ್ಕೇಲಿನಿಂದ ಅಳೆಯಲಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಹತ್ತಡಿ ಉದ್ದಗಲದ ಶೀಟಿನ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಸುಮಾರು 186 ಲೀಟರ್. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅದರ ಲೆಕ್ಕಕ್ಕೂ ಮನೆಯ ಲೆಕ್ಕಕ್ಕೂ ಯಾಕೆ ವ್ಯತ್ಯಾಸ ಬಂತು ಎಂದು ಹುಡುಕುವುದೇ ವಿಜ್ಞಾನ. ಆ ನೀರು ಹಳ್ಳ ಸೇರಿ ಅರ್ಕಾವತಿಗೆ ಹೋಗುವ ದಾರಿಯನ್ನು ನಕಾಶೆಯಲ್ಲಿ ಹಿಡಿದರೆ ಭೂಗೋಳವೂ ಆಯಿತು.

*ನೆರಳು.* ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಅದು ಹನ್ನೆರಡಕ್ಕೆ ಸರಿಯಾಗಿ ಆಗುವುದಿಲ್ಲ, 12.20ರ ಸುಮಾರಿಗೆ ಆಗುತ್ತದೆ. ಯಾಕೆ? ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಅದರ ಪಶ್ಚಿಮಕ್ಕೆ, 77 ಡಿಗ್ರಿಯ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಮಗುವೇ ಲೆಕ್ಕ ಹಾಕಲಿ.

*ಮರ ಮತ್ತು ಅರಗು.* ಚನ್ನಪಟ್ಟಣದ ಗೊಂಬೆ ಮಾಡುವವರು ಹಾಲೆ ಮರದ ತುಂಡನ್ನು ಲೇಥಿಗೆ ಕೊಟ್ಟು ಉಳಿ ಹಿಡಿದರೆ ಸಿಲಿಂಡರ್, ಶಂಕು, ಗೋಳ ಒಂದೊಂದಾಗಿ ಹೊರಬರುತ್ತವೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಬಣ್ಣ ಕರಗಿ ಹಿಡಿಯುತ್ತದೆ, ತಾಳೆಗರಿಯಿಂದ ತೀಡಿದರೆ ಹೊಳಪು. ರೇಖಾಗಣಿತವೂ ಘರ್ಷಣೆಯೂ ಒಂದೇ ಬೆಂಚಿನ ಮೇಲೆ. ಅದೇ ದಿನ ರಾಮನಗರದ ಬಳಿಯ ಜಾನಪದ ಲೋಕಕ್ಕೂ ಹೋಗಿಬನ್ನಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಸಂಗ್ರಹದಲ್ಲಿ ಅಜ್ಜಿ ಕಾಲದ ಅಳತೆ ಪಾತ್ರೆಗಳನ್ನು ತೋರಿಸಿ, ಸೇರು, ಪಾವು, ಚಟಾಕಿನ ಲೆಕ್ಕ ಹಾಕಿಸಿ.

ವಾರದ ಹೊಂದಿಕೆ, ದಾಖಲೆಯ ಶಿಸ್ತು

ಊರೇ ಪಠ್ಯ ಎಂದ ಮಾತ್ರಕ್ಕೆ ಓದು, ಬರಹ, ಮಗ್ಗಿ ಬಿಟ್ಟುಹೋಗಬಾರದು. ಕಿರಿಯ ಮಕ್ಕಳಿಗೆ ಹೀಗೊಂದು ಹೊಂದಿಕೆ ಮಾಡಿಕೊಳ್ಳಬಹುದು:

- ಬೆಳಗ್ಗೆ ಎರಡು ಗಂಟೆ ಕೂತು ಮಾಡುವ ಕೆಲಸ: ಕನ್ನಡ ಓದು–ಬರಹ, ಗಣಿತ, ಇಂಗ್ಲಿಷ್. ಇದಕ್ಕೆ ರಜೆಯಿಲ್ಲ.
- ಸಂಜೆ ಒಂದು ಗಂಟೆ ನಡೆಯುತ್ತಿರುವ ಪ್ರಾಜೆಕ್ಟು: ಹುಳು, ಮಳೆ, ತೋಟ, ಯಾವುದಾದರೂ ಒಂದು. ಮೂರನ್ನು ಒಟ್ಟಿಗೆ ಹಿಡಿಯಬೇಡಿ.
- ವಾರಕ್ಕೊಮ್ಮೆ ಹೊರಗಿನವರೊಬ್ಬರಿಂದ ಪಾಠ: ಬಡಗಿ, ನರ್ಸ್, ಕೆಇಬಿ ಲೈನ್‌ಮನ್, ಸೋಬಾನೆ ಹೇಳುವ ಅಜ್ಜಿ.
- ಪ್ರತಿದಿನ ಓರಗೆಯ ಮಕ್ಕಳೊಂದಿಗೆ ಆಟ. ಇದು ತಪ್ಪಿದರೆ ಮಿಕ್ಕದ್ದೆಲ್ಲ ವ್ಯರ್ಥ.
- ಭಾನುವಾರ ಅರ್ಧ ಗಂಟೆ ಮಗುವಿನೊಂದಿಗೆ ಕೂತು ಈ ವಾರ ಏನು ಹಿಡಿಸಿತು, ಏನು ಬೇಜಾರಾಯಿತು, ಮುಂದಿನ ವಾರ ಏನು ಬಿಡೋಣ ಎಂಬ ಮಾತು.

ಪುಸ್ತಕಕ್ಕೆ ಹೆಚ್ಚು ಖರ್ಚಿಲ್ಲ. ರಾಜ್ಯದ ಪಠ್ಯಪುಸ್ತಕಗಳು ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಅವುಗಳ ಕ್ಯೂಆರ್ ಕೋಡಿನಿಂದ ದೀಕ್ಷಾ ಆ್ಯಪಿನ ವಿಡಿಯೊಗಳು ತೆರೆಯುತ್ತವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳಿವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಪತ್ರಿಕೆ ಇದೆ. ಎಲ್ಲಕ್ಕಿಂತ ಹತ್ತಿರದ್ದು ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ದಾಖಲೆಗೆಂದು ದಪ್ಪ ನೋಟ್‌ಬುಕ್ಕೊಂದು ಇಡಿ. ಪ್ರತಿದಿನ ತಾರೀಕು, ಮಾಡಿದ ಕೆಲಸ, ಮಗು ಕೇಳಿದ ಒಂದು ಪ್ರಶ್ನೆ, ಇಷ್ಟು ಸಾಕು. ಮೂರು ತಿಂಗಳಿಗೊಮ್ಮೆ ಆ ತರಗತಿಯ ಪಠ್ಯಪುಸ್ತಕದ ಪರಿವಿಡಿ ಪಕ್ಕಕ್ಕಿಟ್ಟುಕೊಂಡು ಯಾವುದು ಆಗಿದೆ, ಯಾವುದು ಉಳಿದಿದೆ ಎಂದು ಗುರುತು ಹಾಕಿ. ನಾಳೆ ಶಾಲೆಗೆ ಮರಳಿದರೂ ಪರೀಕ್ಷೆ ಕಟ್ಟಿದರೂ ಈ ಗುರುತುಗಳೇ ಕೈಹಿಡಿಯುತ್ತವೆ.

ಪರೀಕ್ಷೆಯ ದಾರಿ

ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಒಎಸ್, 1989ರಲ್ಲಿ ಸ್ಥಾಪನೆಯಾದದ್ದು. ಅದರ ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಎಂಬ ಹಂತಗಳು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ. ಹತ್ತನೇ ತರಗತಿಯ ಮಟ್ಟದ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಐದು ವಿಷಯ ಪಾಸಾದರೆ ಪ್ರಮಾಣಪತ್ರ. ನೋಂದಣಿಯಾದ ಮೇಲೆ ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ವಿಷಯ ಕಟ್ಟಲೂ ಬಹುದು. ನೋಂದಾಯಿಸುವ ಮೊದಲು ಕನ್ನಡ ಮಾಧ್ಯಮದ ಬಗ್ಗೆ, ಪರೀಕ್ಷಾ ಕೇಂದ್ರದ ಬಗ್ಗೆ ಅಧ್ಯಯನ ಕೇಂದ್ರದಲ್ಲಿ ವಿಚಾರಿಸಿ. ಇನ್ನೊಂದು ದಾರಿ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು.

ಹಳ್ಳಿಯ ಮನೆಗಳವರು ಕಡ್ಡಾಯವಾಗಿ ಯೋಚಿಸಬೇಕಾದ ಸಂಗತಿ ಬೇರೊಂದಿದೆ. ಸಿಇಟಿ ಸೀಟಿನ ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ಪ್ರಮಾಣಪತ್ರ ಬೇಕು, ಕನ್ನಡ ಮಾಧ್ಯಮ ಕೋಟಾಕ್ಕೆ ಅಷ್ಟೂ ವರ್ಷ ಕನ್ನಡದಲ್ಲಿ ಓದಿದ ಪ್ರಮಾಣಪತ್ರ. ಇವೆರಡೂ ಶಾಲೆಯ ದಾಖಲೆಯಿಂದ ಬರುವಂಥವು. ಶಾಲೆ ಬಿಟ್ಟ ಮಗು ಈ ಸೌಲಭ್ಯ ಕಳೆದುಕೊಳ್ಳಬಹುದು. ಬಿಸಿಯೂಟ, ಕ್ಷೀರಭಾಗ್ಯದ ಹಾಲು, ವಿದ್ಯಾರ್ಥಿವೇತನವೂ ಹೋಗುತ್ತವೆ. ನಗರದಿಂದ ಬಂದ ಅನುಕೂಲಸ್ಥರಿಗೆ ಇದು ಲೆಕ್ಕಕ್ಕಿಲ್ಲದಿರಬಹುದು, ಎರಡೆಕರೆ ರಾಗಿ ಹೊಲದ ಮನೆಗೆ ಇದು ದೊಡ್ಡ ನಷ್ಟ.

ಯಾರಿಗೆ ಬೇಡ?

ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವ ಮನೆಗೆ ಇದು ಬೇಡ. ಶಾಲೆಯನ್ನು ಇಷ್ಟಪಡುವ, ಗೆಳೆಯರಿಗಾಗಿ ಕಾಯುವ ಮಗುವಿಗೂ ಬೇಡ. ಹೆಣ್ಣುಮಗುವನ್ನು ಮನೆಗೆಲಸಕ್ಕೋ ತಮ್ಮನನ್ನು ನೋಡಿಕೊಳ್ಳಲೋ ಉಳಿಸಿಕೊಂಡು ಅದಕ್ಕೆ ಮನೆಶಾಲೆ ಎಂಬ ಹೆಸರಿಡುವುದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಒಬ್ಬ ಶಿಕ್ಷಕರ ಮೇಲಿನ ಸಿಟ್ಟಿಗೆ, ಒಂದು ಪರೀಕ್ಷೆಯ ಅಂಕಕ್ಕೆ ಶಾಲೆ ಬಿಡಿಸುವುದೂ ದುಡುಕು.

ಬಹುಪಾಲು ಮನೆಗಳಿಗೆ ಹೊಂದುವುದು ನಡುವಿನ ದಾರಿ. ಮಗು ಸರ್ಕಾರಿ ಶಾಲೆಗೆ ಹೋಗಲಿ. ಹುಳು, ಮಳೆ, ನೆರಳಿನ ಪಾಠ ಮನೆಯಲ್ಲಿ ನಡೆಯಲಿ. ವರ್ಷಕ್ಕೆ ಹತ್ತು ದಿನ ಬ್ಯಾಗಿಲ್ಲದೆ ಶಾಲೆಯಲ್ಲಿ ಕೈಕೆಲಸ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಸೂಚಿಸಿತ್ತು. ಮನೆಯವರು ಮನಸ್ಸು ಮಾಡಿದರೆ ಅಂಥ ದಿನ ಪ್ರತಿ ವಾರವೂ ಬರುತ್ತದೆ.

ಪೂರ್ತಿ ಮನೆಶಾಲೆಯೇ ಬೇಕೆನ್ನುವವರು ಮೊದಲು ಬೇಸಿಗೆ ರಜೆಯಲ್ಲಿ ಆರು ವಾರ ನಡೆಸಿ ನೋಡಿ. ನೋಟ್‌ಬುಕ್ ತುಂಬಿತೇ, ಮಗು ತಾನಾಗಿ ಪ್ರಶ್ನೆ ಕೇಳಿತೇ, ನಿಮ್ಮ ತಾಳ್ಮೆ ಉಳಿಯಿತೇ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಮುಂದುವರಿಯಿರಿ. ಶಾಲೆಗೆ ಹೋಗಿ ಟಿ.ಸಿ. ಕೇಳುವುದು ಎಲ್ಲಕ್ಕಿಂತ ಕೊನೆಯ ಹೆಜ್ಜೆಯಾಗಲಿ.